ಬಲಗಡೆ ದೀಪ ಯಾಕೆ ಉಳಿಯಲ್ಲ?

"ಪಾಠ ಬೇಡ, ಬಲ್ಬ್ ಕೊಡಿ!"

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಥಟ್ಟನೆ ತಿರುಗಿ ನೋಡಿದರು. ಕೌಂಟರಿನ ಆಚೆ ನಿಂತವನು ಮಾತಿಗೆಂದು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ. ಪಾಪ, ಅವನು ಹೇಳಹೊರಟಿದ್ದು ಇಷ್ಟೇ: "ಮೇಡಂ, ಹಾಕೋವಾಗ ಒಂದು ವಿಷಯ..."

ಆದರೆ ಆ ಹೊತ್ತಿಗಾಗಲೇ ಅವಳ ತಲೆ ಕೆಟ್ಟುಹೋಗಿತ್ತು. ಬೆಳಿಗ್ಗೆ ಪೆಟ್ರೋಲ್ ಬಂಕಿನವನು "ಏನ್ ಮೇಡಂ, ಕಾರಿಗೆ ಒಂದೇ ಕಣ್ಣು!" ಎಂದು ನಕ್ಕಿದ್ದ. ಗ್ಯಾರೇಜಿನವನು "ನೀವೇ ಹಾಕ್ತೀರಾ? ಮನೇಲಿ ಗಂಡಸರು ಯಾರೂ ಇಲ್ವಾ?" ಎಂದಿದ್ದ. ಪಕ್ಕದ ಮನೆಯವರಂತೂ ಬಾನೆಟ್ ಅಂದರೇನು ಎಂಬಲ್ಲಿಂದ ಶುರುಮಾಡಿದ್ದರು. ಆ ಮೂವರ ಮೇಲಿನ ಸಿಟ್ಟೂ ಈಗ ಈ ಸ್ಪೇರ್ ಪಾರ್ಟ್ಸ್ ಅಂಗಡಿಯವನ ಪಾಲಿಗೆ ಬಂತು.

"ಕಾರು ನಂದು. ದೀಪಾನೂ ನಂದೇ. ಹಾಕೋಕೆ ನನಗೆ ಬರುತ್ತೆ!"

"ಸರಿ" ಎಂದ ಅವನು. ಅಷ್ಟೇ.

ಹೆಡ್‌ಲೈಟ್ ಬಲ್ಬನ್ನು ತೆಗೆದು, ತಂತಿಗೆ ಸಿಕ್ಕಿಸಿ ಉರಿಸಿ ತೋರಿಸಿದ. ಬುಡದ ಲೋಹವನ್ನಷ್ಟೇ ಎರಡು ಬೆರಳಲ್ಲಿ ಹಿಡಿದಿದ್ದ, ಹೂವಿನ ತೊಟ್ಟು ಹಿಡಿದ ಹಾಗೆ. ಅದನ್ನು ನೋಡಿದ ಅವಳಿಗೆ ನಾಲಿಗೆಯ ತುದಿಗೆ ಬಂತು... ಯಾಕೆ ಅಷ್ಟು ನಾಜೂಕು?

ಆದರೆ ಈಗಷ್ಟೇ ಪಾಠ ಬೇಡ ಎಂದವಳು ಯಾವ ಮುಖ ಇಟ್ಟುಕೊಂಡು ಕೇಳುವುದು? ಪ್ರಶ್ನೆಯನ್ನು ನುಂಗಿಕೊಂಡಳು. ಅದು ಅವಳ ಜೀವಮಾನದಲ್ಲೇ ಅಪರೂಪ.

ಯಾಕೆಂದರೆ ಅವಳ ಅಡ್ಡಹೆಸರೇ 'ಯಾಕಮ್ಮ'. ಮೂರು ವರ್ಷದವಳಿದ್ದಾಗ ಚಿಕ್ಕಮ್ಮ ಇಟ್ಟ ಹೆಸರು. ಅಮ್ಮ ಇಲ್ಲದ ಮನೆಯಲ್ಲಿ ಅವಳನ್ನು ಬೆಳೆಸಿದವಳು ಆ ಚಿಕ್ಕಮ್ಮನೇ, ಅವಳ ಯಾಕೆಗಳಿಗೆಲ್ಲ ತಲೆ ಕೊಟ್ಟವಳೂ ಅವಳೇ. ಈಗ ಮನೆಯಲ್ಲಿರುವುದೂ ಅವರಿಬ್ಬರೇ.

ಅವಳ ಕಸುಬು ಕೂದಲು. ಸಲೂನ್ ಇಟ್ಟವಳಲ್ಲ. ಹಾಸಿಗೆ ಹಿಡಿದವರು, ನಡೆಯಲಾಗದವರು, ಮನೆಯಿಂದ ಹೊರಗೆ ಬರಲಾರದವರು... ಅಂಥವರ ಮನೆಗೆ ತಾನೇ ಹೋಗಿ ತಲೆಗೆ ಎಣ್ಣೆ ಹಚ್ಚಿ, ತೊಳೆದು, ಕತ್ತರಿಸಿ ಬರುವವಳು. ಕೊನೆಯ ಮನೆ ಮುಗಿಯುವಾಗ ಹೊತ್ತು ಮುಳುಗಿರುತ್ತದೆ. ಹಾಗಾಗಿ ಕಾರಿಗೆ ಎರಡೂ ದೀಪ ಬೇಕೇಬೇಕು.

ಸಂಜೆ ಕೆಲಸ ಮುಗಿಸಿ ಬಂದವಳೇ ಬಾನೆಟ್ ಎತ್ತಿದಳು. ಫೋನಿನಲ್ಲಿ ನೋಡಿಟ್ಟುಕೊಂಡಂತೆ ದೀಪದ ಹಿಂದಿನ ಪ್ಲಗ್ ಎಳೆದಳು, ರಬ್ಬರ್ ಮುಚ್ಚಳ ಬಿಚ್ಚಿದಳು, ತಂತಿಯ ಕ್ಲಿಪ್ಪನ್ನು ಒತ್ತಿ ಸರಿಸಿದಳು. ಹೊಸ ಬಲ್ಬನ್ನು ಗಟ್ಟಿಯಾಗಿ ಹಿಡಿದು, ಬುಡದಿಂದ ಚಾಚಿದ ಲೋಹದ ಕಿವಿಗಳು ದೀಪದ ಹಿಂದಿನ ಸಂದಿಗೆ ಸರಿಯಾಗಿ ಕೂರುವವರೆಗೆ ಅತ್ತಿತ್ತ ಹೊರಳಿಸಿ ಒತ್ತಿದಳು. ಮೆಟ್ಟಿಲ ಮೇಲೆ ಕೂತ ಚಿಕ್ಕಮ್ಮ ಟಾರ್ಚ್ ಹಿಡಿಯುವ ನೆಪದಲ್ಲಿ ಆಕಳಿಸುತ್ತಿದ್ದಳು.

ಸ್ವಿಚ್ ಹಾಕಿದಾಗ ಎದುರಿನ ಗೋಡೆ ಬೆಳ್ಳಗೆ ಬೆಳಗಿತು.

"ನೋಡಿದ್ಯಾ ಚಿಕ್ಕಮ್ಮಾ!"

"ನೋಡ್ದೆ ಕಣೇ. ಎಷ್ಟು ದಿನ ಉರಿಯುತ್ತೋ ಅದನ್ನೂ ನೋಡೋಣ."

ಒಂಬತ್ತು ದಿನ ಉರಿಯಿತು.

---

"ಒಂಬತ್ತೇ ದಿನ!" ಸತ್ತ ಬಲ್ಬನ್ನು ಕೌಂಟರಿನ ಮೇಲೆ ಇಟ್ಟಳು. "ಎಡಗಡೇದು ನಾಲ್ಕು ವರ್ಷದಿಂದ ಉರೀತಿದೆ. ಬಲಗಡೇದು ಒಂಬತ್ತು ದಿನ. ಯಾಕೆ?"

ಅವನು ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದ. ತುಟಿಯ ಒಂದು ತುದಿ ತುಸು ಮೇಲೆ ಹೋಯಿತು. ಹೇಳಲೋ ಬೇಡವೋ ಎಂದು ಅವಳ ಮುಖ ನೋಡಿದ. ಹಿಂದಿನ ಸಲದ ಬೈಗುಳ ನೆನಪಾಯಿತೋ ಏನೋ...

"ಬೇರೆ ಕೊಡ್ತೀನಿ" ಎಂದಷ್ಟೇ ಹೇಳಿ ಒಳಗೆ ಹೋದ.

ಮನೆಗೆ ಬಂದು ಚೀಲ ಬಿಚ್ಚಿದರೆ ಬಲ್ಬಿನ ಜೊತೆ ಒಂದು ಜೊತೆ ತೆಳು ಗ್ಲೌಸ್!

ಅವಳು ತನ್ನ ಕೈ ನೋಡಿಕೊಂಡಳು. ಉಗುರಿನ ಸುತ್ತ ಕೂದಲಿನ ಬಣ್ಣದ ಕಪ್ಪು ಕಲೆ. ಎಷ್ಟು ಉಜ್ಜಿದರೂ ಹೋಗದ ಕಲೆ. *ಅಯ್ಯೋ... ಇದನ್ನ ಗಮನಿಸಿದ್ದಾನಾ? ನನ್ನ ಕೈಯನ್ನ?*

ಇಷ್ಟು ವರ್ಷದಲ್ಲಿ ಎಷ್ಟೋ ಜನ ಆ ಕೈ ನೋಡಿ ಮುಖ ಸಿಂಡರಿಸಿದ್ದರು. ಗ್ಲೌಸ್ ಕೊಟ್ಟವರು ಯಾರೂ ಇರಲಿಲ್ಲ. ಅವಳ ಎದೆಯಲ್ಲಿ ಏನೋ ಬೆಚ್ಚಗಾಯಿತು. ಗ್ಲೌಸನ್ನು ಜೋಪಾನವಾಗಿ ಕೆಲಸದ ಪೆಟ್ಟಿಗೆಯಲ್ಲಿಟ್ಟು, ಬರಿಗೈಯಲ್ಲೇ ಬಲ್ಬ್ ಹಾಕಿದಳು. ಮರುದಿನ ಆ ಗ್ಲೌಸ್ ತೊಟ್ಟು ಚಿಕ್ಕಮ್ಮನ ತಲೆಗೆ ಬಣ್ಣ ಹಚ್ಚಿದಳು.

"ಯಾರೇ ಕೊಟ್ಟಿದ್ದು?"

"ಸ್ಪೇರ್ ಪಾರ್ಟ್ಸ್ ಅಂಗಡಿಯವನು."

"ಆ ಮೂಕಬಸವಾನಾ!" ಚಿಕ್ಕಮ್ಮ ಕನ್ನಡಿಯಲ್ಲೇ ಅವಳನ್ನು ನೋಡಿ ಹುಬ್ಬು ಹಾರಿಸಿದಳು.

ಆ ಬಲ್ಬ್ ಹನ್ನೊಂದು ದಿನ ಬದುಕಿತು.

ನಿಜ ಹೇಳಬೇಕೆಂದರೆ, ಅದು ಕೆಟ್ಟಾಗ ಅವಳಿಗೆ ಬೇಜಾರಿಗಿಂತ ಖುಷಿಯೇ ಹೆಚ್ಚಾಗಿತ್ತು. ಅಂಗಡಿಗೆ ಹೊರಟಾಗ ಎರಡು ಸಲ ಕನ್ನಡಿ ನೋಡಿಕೊಂಡಳು. ಕೆಟ್ಟ ಬಲ್ಬ್ ಬದಲಾಯಿಸಲು ಹೋಗುವವರಿಗೆ ಕನ್ನಡಿ ಯಾಕೋ, ದೇವರಿಗೇ ಗೊತ್ತು!

"ಗ್ಲೌಸ್‌ಗೆ ಥ್ಯಾಂಕ್ಸ್ ರೀ. ಚಿಕ್ಕಮ್ಮನ ತಲೆಗೆ ಬಣ್ಣ ಹಚ್ಚೋಕೆ ಎಷ್ಟು ಚೆನ್ನಾಗಿ ಬಂತು ಗೊತ್ತಾ?"

ಅವನಿಗೆ ಕೆಮ್ಮು ಹತ್ತಿಕೊಂಡಿತು. ನೀರು ಕುಡಿದ. ಏನೋ ಹೇಳಲು ಬಾಯಿ ತೆರೆದ.

"ನನ್ನ ಕೈ ನೋಡಿ ಕೊಟ್ಟಿದ್ದಲ್ವಾ? ಇಲ್ಲೀವರೆಗೂ ಯಾರೂ..." ಮಾತು ಮುಗಿಸಲಾಗದೆ ಅವಳು ತಲೆ ತಗ್ಗಿಸಿದಳು.

ತೆರೆದ ಬಾಯನ್ನು ಅವನು ನಿಧಾನವಾಗಿ ಮುಚ್ಚಿಕೊಂಡ.

"ಸರಿ ಬಿಡಿ! ಇದು ಯಾಕೆ ಕೆಡುತ್ತೆ ಅಂತ ನಾನು ಪಟ್ಟಿ ಮಾಡ್ಕೊಂಡು ಬಂದಿದ್ದೀನಿ" ಎಂದು ಪುಸ್ತಕ ತೆಗೆದಳು. "ಬ್ಯಾಟರಿ ಜಾಸ್ತಿ ಕರೆಂಟ್ ಕೊಡ್ತಿರಬಹುದಾ?"

ಅವನು ಮೀಟರ್ ತಂದು, ಕಾರಿನ ಮುಂದೆ ಬಗ್ಗಿ ನೋಡಿದ. "ಇಲ್ಲ, ಸರಿಯಾಗಿದೆ."

"ವೈರ್ ಸಡಿಲ?"

ಎಳೆದು ನೋಡಿದ. "ಇಲ್ಲ."

ಇಬ್ಬರ ತಲೆಯೂ ಒಂದೇ ಬಾನೆಟ್ಟಿನ ಕೆಳಗಿತ್ತು. ಅವನ ಅಂಗಿಯಿಂದ ಹೊಸ ರಬ್ಬರಿನ ವಾಸನೆ ಬರುತ್ತಿತ್ತು. ಅವಳು ಕೇಳುತ್ತಾ ಹೋದಳು, ಅವನು ಹೇಳುತ್ತಾ ಹೋದ. ಹಾರ್ನಿಗೆ ಎರಡು ಸ್ವರ ಯಾಕೆ? ಹಿಂದಿನ ದೀಪ ಕೆಂಪೇ ಯಾಕೆ? ನಿಮ್ಮ ಅಪ್ಪನ ಅಂಗಡಿಯನ್ನು ನೀವೇ ಯಾಕೆ ವಹಿಸ್ಕೊಂಡ್ರಿ? ಇಷ್ಟು ಕಡಿಮೆ ಯಾಕೆ ಮಾತಾಡ್ತೀರಿ?

"ಚಿಕ್ಕವನಿದ್ದಾಗ ತೊದಲ್ತಿದ್ದೆ" ಎಂದ ಅವನು. "ಈಗಿಲ್ಲ. ಆದ್ರೂ... ಮಾತು ಅಂದ್ರೆ ಭಯ."

ಯಾರಿಗೂ ಹೇಳದ್ದನ್ನು ಹೇಳಿದ್ದಾನೆಂದು ಅವಳಿಗೆ ಅನ್ನಿಸಿತು. ಆ ಸಲಿಗೆಯಲ್ಲೇ ತನ್ನ ಗಾಯವನ್ನೂ ಹೇಳಿಬಿಟ್ಟಳು. ಎರಡು ವರ್ಷದ ಹಿಂದೆ ಮುರಿದುಬಿದ್ದ ಮದುವೆಯ ಮಾತು. ಹುಡುಗನ ಮನಸ್ಸಿನಲ್ಲಿ ಬೇರೊಬ್ಬಳಿದ್ದಳು. ಅದು ಅವನ ಅಕ್ಕನಿಗೆ ಗೊತ್ತಿತ್ತು, ಅಣ್ಣನಿಗೆ ಗೊತ್ತಿತ್ತು, ಗೆಳೆಯರಿಗೆಲ್ಲ ಗೊತ್ತಿತ್ತು. ಅವನು ಯಾಕೆ ಫೋನ್ ಎತ್ತಲ್ಲ ಎಂದು ಇವಳು ಕೇಳಿದಾಗಲೆಲ್ಲ ಎಲ್ಲರೂ ಕೆಲಸ ಜಾಸ್ತಿ ಅಂದಿದ್ದರು.

"ಅವನು ಬಿಟ್ಟು ಹೋಗಿದ್ದಕ್ಕಲ್ಲ ರೀ ನಾನು ಅತ್ತಿದ್ದು. ಎಲ್ಲರಿಗೂ ಉತ್ತರ ಗೊತ್ತಿದ್ದು, ನಾನೊಬ್ಬಳೇ ಪೆದ್ದಿ ಥರ ಪ್ರಶ್ನೆ ಕೇಳ್ತಾ ಇದ್ದೆನಲ್ಲ, ಅದಕ್ಕೆ. ಅಂಥದ್ದು ಇನ್ನೊಂದು ಸಲ ಆದ್ರೆ ನಾನು ಯಾರನ್ನೂ ನಂಬಲ್ಲ."

ಅವನ ಮುಖ ಕಳೆಗುಂದಿತು. ಅವಳು ಅದನ್ನು ಮರುಕ ಎಂದುಕೊಂಡಳು.

"ಅದಿರಲಿ, ಕೊನೇದು. ದೀಪದೊಳಗೆ ನೀರು ಇಳಿದಿರಬಹುದಾ?"

ಅವನು ಮೀಟರಿನ ತಂತಿ ಸುತ್ತುತ್ತಾ ಬೇರೆಡೆ ನೋಡಿದ.

"ಇರಬಹುದು" ಎಂದ.

---

ಮೂರನೆಯ ಬಲ್ಬ್ ಕೆಟ್ಟಿದ್ದು ಮನೆಯಲ್ಲಲ್ಲ, ದಾರಿಯಲ್ಲಿ.

ಸಂಜೆ ಮಬ್ಬು. ಊರ ಹೊರಗಿನ ಇಕ್ಕಟ್ಟಾದ ತಿರುವು. ಹಾಸಿಗೆ ಹಿಡಿದ ಡ್ರೈವರ್ ತಾತನಿಗೆ ಕ್ಷೌರ ಮಾಡಲು ಅವಳು ಹೊರಟಿದ್ದಳು. ಬಲಗಡೆ ದೀಪ ಪಕ್ಕನೆ ಆರಿತು. ಅದೇ ಗಳಿಗೆಗೆ ಎದುರಿನಿಂದ ಹಾಲಿನ ವ್ಯಾನ್!

ಒಂದೇ ದೀಪ ಕಂಡ ವ್ಯಾನಿನವನು ಬೈಕ್ ಎಂದುಕೊಂಡು ಅವಳ ಮಗ್ಗುಲಿಗೇ ಬಂದ. ಅವಳು ಕಣ್ಣುಮುಚ್ಚಿ ಸ್ಟೇರಿಂಗ್ ಎಳೆದಳು. ಪಕ್ಕದ ಕನ್ನಡಿ ಚೂರುಚೂರಾಗಿ ಹಾರಿತು. ಕಾರು ಪೊದೆಗೆ ನುಗ್ಗಿ ನಿಂತಿತು.

"ಬೈಕ್ ಅಂದ್ಕೊಂಡೆ ಕಣಮ್ಮಾ! ಏನೂ ಆಗಿಲ್ಲ ತಾನೇ?" ವ್ಯಾನಿನವನು ಓಡಿಬಂದು ಕಾರಿನ ಬಾಗಿಲು ತೆಗೆದ.

ಏನೂ ಆಗಿರಲಿಲ್ಲ. ಕೂದಲೆಳೆಯಲ್ಲಿ ತಪ್ಪಿತ್ತು. ಅವನೇ ಕಾರನ್ನು ಹಿಂದಕ್ಕೆ ತಳ್ಳಿಕೊಟ್ಟು, ವ್ಯಾನನ್ನು ನಿಧಾನವಾಗಿ ಮುಂದೆ ಓಡಿಸುತ್ತಾ ಅವಳನ್ನು ತಾತನ ಮನೆಯವರೆಗೂ ಬಿಟ್ಟುಹೋದ.

ತಾತ ನಲವತ್ತು ವರ್ಷ ಬಸ್ಸು ಓಡಿಸಿದವರು. ಈಗ ಕಾಲು ಬಿದ್ದುಹೋಗಿವೆ, ನಾಲಿಗೆ ಮಾತ್ರ ಟಾಪ್ ಗೇರಿನಲ್ಲಿದೆ. ಅವಳ ಕಥೆ ಪೂರ್ತಿ ಕೇಳಿ, "ಬಲ್ಬನ್ನ ಎಲ್ಲಿ ಹಿಡ್ಕೊಂಡು ಹಾಕಿದೆ, ತೋರಿಸು" ಎಂದರು.

ಅವಳು ಬಾಚಣಿಗೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದಳು.

"ಅಯ್ಯೋ ಮಗಳೇ! ಗಾಜು ಮುಟ್ಟಿದ್ಯಾ? ಅದರಲ್ಲೂ ಈ ಎಣ್ಣೆ ಕೈಯಲ್ಲಿ? ಆ ಗಾಜು ಕೆಂಡದ ಹಾಗೆ ಕಾಯುತ್ತೆ. ಜಿಡ್ಡು ಇದ್ದ ಕಡೆ ಇನ್ನೂ ಜಾಸ್ತಿ ಕಾದು, ಗಾಜು ಉಬ್ಬಿ, ಬಲ್ಬ್ ಢಮಾರ್! ಬುಡ ಹಿಡೀಬೇಕು. ಇಲ್ಲಾಂದ್ರೆ ಬಟ್ಟೆ, ಗ್ಲೌಸ್ ಏನಾದ್ರೂ... ಅಂಗಡಿಯವನು ಹೇಳ್ಲಿಲ್ವಾ?"

"ಅವರಿಗೆ... ಗೊತ್ತಿಲ್ವೇನೋ ತಾತ."

"ಯಾವ ಅಂಗಡಿ?"

ಹೇಳಿದಳು. ತಾತ ಜೋರಾಗಿ ನಕ್ಕರು. "ಅವನಿಗೆ ಗೊತ್ತಿಲ್ವಾ! ಅವರಪ್ಪ ಇದನ್ನ ಹೇಳದೆ ಒಂದು ಬಲ್ಬೂ ಮಾರ್ತಿರಲಿಲ್ಲ. ಸುಟ್ಟ ಬಲ್ಬ್ ನೋಡಿದ ತಕ್ಷಣ ಅವನಿಗೆ ಗೊತ್ತಾಗಿರುತ್ತೆ."

ಅವಳ ಕೈಯಲ್ಲಿ ಕತ್ತರಿ ನಿಂತಿತು.

ಮರುದಿನ ಬೆಳಿಗ್ಗೆ, ನೆತ್ತಿ ಪರೀಕ್ಷಿಸುವ ಭೂತಗನ್ನಡಿಯನ್ನು ಹಿಡಿದು ಆ ಬಲ್ಬನ್ನು ನೋಡಿದಳು. ಗಾಜಿನ ಮೇಲೆ ಬೂದುಬಣ್ಣದ ಒಂದು ಗುಳ್ಳೆ. ಅದರ ಅಂಚಿನಲ್ಲಿ ಸುಟ್ಟು ಅಂಟಿದ ಸಣ್ಣ ಗೆರೆಗಳು. ತನ್ನ ಹೆಬ್ಬೆರಳನ್ನು ಪಕ್ಕಕ್ಕಿಟ್ಟಳು.

ಎರಡೂ ಒಂದೇ! ಅವಳ ಕಣ್ಣು ತುಂಬಿಕೊಂಡಿತು. *ಇದನ್ನೇ ಅಲ್ಲವೇ ಅವನು ಬೆಳಕಿಗೆ ಹಿಡಿದು ನೋಡಿದ್ದು?*

---

"ನಿಮಗೆ ಗೊತ್ತಿತ್ತಾ?"

ಅವನು ಬಲ್ಬ್ ನೋಡಿದ, ಅವಳನ್ನು ನೋಡಿದ. "ಗೊತ್ತಿತ್ತು."

"ಯಾವತ್ತಿಂದ?"

"ನೀವು ಮೊದಲನೇದು ವಾಪಸ್ ತಂದ ದಿನದಿಂದ."

"ಮೀಟರ್ ಇಟ್ಟು ನೋಡಿದ್ರಲ್ಲ, ವೈರ್ ಎಳೆದ್ರಲ್ಲ... ಎಲ್ಲಾ ನಾಟಕಾನಾ? ನನ್ನ ಕಥೆ ಕೇಳಿದ ಮೇಲೂ ನೀರು ಇಳಿದಿರಬಹುದು ಅಂದ್ರಲ್ಲ! ನಿನ್ನೆ ನಾನು ವ್ಯಾನ್ ಕೆಳಗೆ ಹೋಗ್ತಿದ್ದೆ!"

ಅವನ ಮುಖದಲ್ಲಿ ರಕ್ತ ಇಂಗಿಹೋಯಿತು. "ನಿಮಗೆ... ನಿಮಗೆ ಏ... ಏ..." ವರ್ಷಗಳ ಹಿಂದೆ ಬಿಟ್ಟುಹೋಗಿದ್ದ ತೊದಲು ಮತ್ತೆ ಬಂದು ಗಂಟಲಲ್ಲಿ ಕೂತಿತ್ತು.

ಅವಳು ಕಾಯಲಿಲ್ಲ. ಬಲ್ಬನ್ನು ಅಲ್ಲೇ ಬಿಟ್ಟು, ಹಿಂದೆ ತಿರುಗದೆ ನಡೆದಳು.

ಮನೆಗೆ ಬಂದು ಚಿಕ್ಕಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಇವನೂ ಹಾಗೇ ಚಿಕ್ಕಮ್ಮ! ಮತ್ತೆ ನಾನೊಬ್ಬಳೇ ಪೆದ್ದಿ!"

"ಯಾಕೆ ಹೇಳಲಿಲ್ಲ ಅಂತ ಕೇಳಿದ್ಯಾ?"

"ಕೇಳೋದೇನಿದೆ?"

"ಆಹಾ! ಹುಟ್ಟಿದಾಗಿಂದ ಜಗತ್ತಿಗೆಲ್ಲ ಯಾಕೆ ಅಂತ ಕೇಳಿ, ಅಲ್ಲೇ ಕೇಳಲಿಲ್ವಾ? ನಿನಗೆ ಪ್ರಶ್ನೆ ಹಾಕೋಕೆ ಬರುತ್ತೆ ಕಣೇ, ಉತ್ತರಕ್ಕೆ ಕಾಯೋಕೆ ಬರಲ್ಲ."

ಆ ಮಾತು ಅವಳಿಗೆ ಚುಚ್ಚಿತು. ಆದರೂ ಹೋಗಲಿಲ್ಲ. ಒಂದು ದಿನ, ಎರಡು ದಿನ... ಎಂಟು ದಿನ. ಸಂಜೆಯ ಮನೆಗಳನ್ನೆಲ್ಲ ಹಗಲಿಗೆ ಬದಲಾಯಿಸಿಕೊಂಡಳು. ದೀಪ ಸರಿಮಾಡಿಸಲು ಬೇರೆ ಅಂಗಡಿ ಇರಲಿಲ್ಲವೇ? ಬೇಕಾದಷ್ಟಿದ್ದವು. ಅವಳ ಕಾಲು ಯಾಕೋ ಆ ಅಂಗಡಿಗಳ ಕಡೆಗೆ ಏಳಲಿಲ್ಲ.

---

ಒಂಬತ್ತನೆಯ ದಿನ ರಜೆ. ಮನೆಯ ಮುಂದೆ ಬಿಸಿಲಿಗೆ ಕುರ್ಚಿ ಹಾಕಿ, ಗ್ಲೌಸ್ ತೊಟ್ಟು ಚಿಕ್ಕಮ್ಮನ ತಲೆಗೆ ಮತ್ತೆ ಬಣ್ಣ ಹಚ್ಚುತ್ತಿದ್ದಳು. ಅರ್ಧ ತಲೆ ಆಗಿತ್ತು. ಗೇಟು ಕಿರ್ ಎಂದಿತು.

ಅವನು! ಕೈಯಲ್ಲಿ ಒಂದು ಸಣ್ಣ ಪೊಟ್ಟಣ. ಮುಖದಲ್ಲಿ ನಿದ್ದೆ ಇಲ್ಲದ ಗುರುತು.

"ಯಾಕೆ ಬಂದ್ರಿ?" ಅವಳ ದನಿ ಕಲ್ಲಾಗಿತ್ತು.

"ಹೇ... ಹೇಳೋಕೆ. ಹೇಳಿ ಹೊರಟುಹೋಗ್ತೀನಿ."

ಆದರೆ ಅವನ ಕಣ್ಣು ಅವಳ ಕೈಯ ಮೇಲೆ ನಿಂತುಬಿಟ್ಟಿತು. ಚಿಕ್ಕಮ್ಮ ಅರ್ಧ ಕಪ್ಪು ಅರ್ಧ ಬಿಳಿ ತಲೆಯನ್ನು ಅತ್ತ ಹೊರಳಿಸಿದಳು. "ಏನಪ್ಪಾ ಹಾಗೆ ನೋಡ್ತೀಯ? ನೀನೇ ಕೊಟ್ಟ ಗ್ಲೌಸ್ ಅಲ್ವಾ?"

ಅವಳೂ ತನ್ನ ಕೈ ನೋಡಿಕೊಂಡಳು. ಬಟ್ಟೆ, ಗ್ಲೌಸ್ ಏನಾದ್ರೂ... ತಾತ ಅಂದಿದ್ದು ಈಗ ನೆನಪಾಯಿತು. ಬಲ್ಬಿನ ಚೀಲದಲ್ಲಿ ಬಂದದ್ದು... ಗಾಜು ಮುಟ್ಟಬಾರದು ಅಂತ...

"ಇದು... ಬಲ್ಬ್ ಹಾಕೋಕೆ ಕೊಟ್ಟಿದ್ದಾ?"

"ಹೂಂ."

"ನನ್ನ ಕೈ ನೋಡಿ ಅಲ್ವಾ?"

"ಅಲ್ಲ." ಅವನು ಉಸಿರು ಎಳೆದುಕೊಂಡ. ಒಂದೊಂದೇ ಮಾತನ್ನು ಎತ್ತಿಟ್ಟಂತೆ ಹೇಳತೊಡಗಿದ. "ಮೊದಲನೇ ದಿನ ಹೇಳೋಕೆ ಬಂದೆ, ಪಾಠ ಬೇಡ ಅಂದ್ರಿ. ಎರಡನೇ ಸಲ ಬಾಯಲ್ಲಿ ಹೇಳೋ ಧೈರ್ಯ ಇರಲಿಲ್ಲ, ಗ್ಲೌಸ್ ಹಾಕಿಟ್ಟೆ. ನೀವು ಬಂದು, ನನ್ನ ಕೈ ನೋಡಿ ಕೊಟ್ರಾ ಅಂತ ಅಷ್ಟು ಖುಷಿಪಟ್ರಿ... ಅಲ್ಲ ಅಂತ ಹೇಗೆ ಹೇಳಲಿ? ಬಾಯಿ ಕಟ್ಟಿಹೋಯ್ತು."

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

"ಅಷ್ಟೇ ಆಗಿದ್ರೆ ನನ್ನ ತಪ್ಪು ಚಿಕ್ಕದಾಗ್ತಿತ್ತು" ಎಂದು ಅವನು ಮುಂದುವರಿಸಿದ. "ಅಷ್ಟೇ ಅಲ್ಲ. ಹೇಳಿದ್ರೆ ಬಲ್ಬ್ ಕೆಡಲ್ಲ. ಕೆಡದಿದ್ರೆ ನೀವು ಬರಲ್ಲ. ಆ ಆಸೆಗೇ ಸುಳ್ಳು ಹೇಳಿದೆ. ನಿಮ್ಮ ನೋವು ಕೇಳಿದ ಮೇಲೂ ಹೇಳಿದೆ. ನಿಮಗೆ ಏನಾದ್ರೂ ಆಗಿದ್ರೆ..." ಅವನ ಕಣ್ಣು ಒದ್ದೆಯಾಯಿತು. "ಕ್ಷಮಿಸಿ ಅಂತ ಕೇಳೋ ಯೋಗ್ಯತೆ ನನಗಿಲ್ಲ. ನಿಮಗೆ ಗೊತ್ತಿಲ್ಲದ್ದು ನನ್ನ ಹತ್ರ ಏನೂ ಉಳಿಯಬಾರದು, ಅಷ್ಟೇ."

ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ತಿರುಗಿದ.

ಅವಳು ನೋಡುತ್ತಾ ನಿಂತಳು. ಮದುವೆ ಮುರಿದಾಗ ಆ ಹುಡುಗನ ಕಡೆಯವರು ಸಿಕ್ಕಿಬಿದ್ದ ಮೇಲೂ ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಂಡಿದ್ದರು. ಇವನು ಮಾತಾಡುವುದಕ್ಕೇ ಹೆದರುವವನು, ತೊದಲಿಕೊಂಡೇ ತನ್ನ ತಪ್ಪನ್ನು ಪೂರ್ತಿ ಒಪ್ಪಿಸಿದ್ದಾನೆ. ತನಗೆ ಅನುಕೂಲವಾದ ಅರ್ಧಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವಳ ಎದೆಯ ಭಾರ ಎಲ್ಲೋ ಸಡಿಲವಾಯಿತು.

"ರೀ... ನಿಲ್ಲಿ."

ಅವನು ನಿಂತ.

"ಹೇಗೆ ಹಾಕಬೇಕು, ಹೇಳಿಕೊಡಿ."

"ನಾನು... ಪಾಠ..."

"ಬೇಕು. ಪೂರ್ತಿ ಬೇಕು."

"ನನ್ನ ಅರ್ಧ ತಲೆ?" ಎಂದಳು ಚಿಕ್ಕಮ್ಮ. ಇಬ್ಬರಿಗೂ ಕೇಳಿಸಲಿಲ್ಲ. "ಇರಲಿ ಬಿಡು, ಈ ವಯಸ್ಸಿಗೆ ಎರಡು ಬಣ್ಣಾನೂ ಚಂದ" ಎಂದು ತಾನೇ ಹೇಳಿಕೊಂಡು, ಬಟ್ಟಲು ಹಿಡಿದು ಒಳಗೆ ನಡೆದಳು.

ಅವಳು ಸೋಪು ಹಾಕಿ ಕೈ ತೊಳೆದುಬಂದು ಪೊಟ್ಟಣ ಬಿಚ್ಚಿದಳು, ಒಳಗೆ ಹೊಸ ಬಲ್ಬ್. ಅವನು ಒಂದನ್ನೂ ಮುಟ್ಟಲಿಲ್ಲ. ಪಕ್ಕದಲ್ಲಿ ನಿಂತು ಹೇಳಿದ, ಅವಳು ಮಾಡಿದಳು. ಪ್ಲಗ್ ಎಳೆಯಿರಿ. ಕ್ಲಿಪ್ ಒತ್ತಿ. ಬಲ್ಬಿನ ಬುಡ ಮಾತ್ರ ಹಿಡೀರಿ... ಹಾಂ, ಹಾಗೆ. ಅಕಸ್ಮಾತ್ ಗಾಜಿಗೆ ಕೈ ತಾಗಿದ್ರೆ ಸ್ಪಿರಿಟ್ ಹಾಕಿ ಒರೆಸಬೇಕು. ದೊಡ್ಡ ಕಿವಿ ಮೇಲೆ ಬರಲಿ. ಈಗ ರಬ್ಬರ್. ಪ್ರತಿಯೊಂದಕ್ಕೂ ಅವಳು ಯಾಕೆ ಎಂದಳು, ಪ್ರತಿಯೊಂದಕ್ಕೂ ಅವನು ಉತ್ತರ ಕೊಟ್ಟ. ನಡುವೆ ಯಾವಾಗಲೋ ತೊದಲು ಹೊರಟುಹೋಗಿತ್ತು, ಅವನಿಗೇ ಗೊತ್ತಾಗಲಿಲ್ಲ.

ದೀಪ ಹತ್ತಿತು. ಬಿಸಿಲಿಗೆ ಅದರ ಬೆಳಕು ಹೆಚ್ಚು ಕಾಣಲಿಲ್ಲ. ಇಬ್ಬರೂ ಬಗ್ಗಿ, ಕೈ ಅಡ್ಡ ಹಿಡಿದು ನೋಡಿದರು.

"ಇದು ಇನ್ನು ವರ್ಷಗಟ್ಟಲೆ ಉರಿಯುತ್ತೆ" ಎಂದ ಅವನು. ದನಿ ಸಣ್ಣದಾಯಿತು. "ನೀವು ಇನ್ನು ಅಂಗಡಿಗೆ ಬರೋ ಕೆಲಸ ಇಲ್ಲ."

"ಹಾಗಾದ್ರೆ ನಾಳೆ ನಾನು ಯಾಕೆ ಬರಬೇಕು?"

ಅವನು ಬೆಚ್ಚಿ ತಲೆಯೆತ್ತಿದ. ಅವಳು ನಗುತ್ತಿರಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದಳು. ಅವಸರವಿಲ್ಲದೆ, ಅವನ ಕಣ್ಣಲ್ಲಿ ಕಣ್ಣಿಟ್ಟು, ಎಷ್ಟು ಹೊತ್ತಾದರೂ ಸರಿ ಎಂಬಂತೆ ನಿಂತಿದ್ದಳು.

"ನಾನು ನಿಮ್ಮನ್ನ ಪ್ರೀತಿಸ್ತೀನಿ. ಬೆಳಿಗ್ಗೆ ಬಾಗಿಲು ತೆಗೆದಾಗಿಂದ ದಾರಿ ನೋಡ್ತಿರ್ತೀನಿ. ಅದಕ್ಕೆ."

ಅವಳ ಕಣ್ಣಂಚಿನಿಂದ ಒಂದು ಹನಿ ಜಾರಿತು. ಒರೆಸಿಕೊಳ್ಳಲಿಲ್ಲ.

"ಎಷ್ಟು ಗಂಟೆಗೆ ತೆಗೀತೀರಾ?"

"ಎಂಟಕ್ಕೆ."

"ನಾಳೆ ಏಳಕ್ಕೇ ತೆಗೀರಿ."